ಗೊಂಬೆ ಜಾರಿದ್ದು ಮಗುವಿನ ತಪ್ಪಲ್ಲ

ಕಾಸರಗೋಡು, ಕಾಞಂಗಾಡ್ ಕಡೆಯ ಗೇಮ್ ಝೋನ್‌ಗಳ ಮೆಷಿನ್ ರಿಪೇರಿ ನನ್ನ ಕೆಲಸ. ಗಾಜಿನ ಪೆಟ್ಟಿಗೆಯೊಳಗೆ ಗೊಂಬೆಗಳ ರಾಶಿ, ಮೇಲಿಂದ ಇಳಿದು ಬಂದು ಗೊಂಬೆ ಎತ್ತುವ ಮೂರು ಬೆರಳಿನ ಕ್ಲಾ, ಅಂದರೆ ಪಂಜ. ನೀವೂ ನೋಡಿರುತ್ತೀರಿ. ಅದರ ಮುಂದೆ ಯಾವಾಗಲೂ ಕಿವಿಗೆ ಬೀಳುವ ಮಾತೊಂದಿದೆ: ‘ಎಂತ ಮಗಾ, ಸರಿ ಹಿಡೀಲಿಕ್ಕೆ ಆಗುದಿಲ್ವಾ ನಿಂಗೆ?’ ಮಗು ಮುಖ ಸಣ್ಣ ಮಾಡಿಕೊಳ್ಳುತ್ತದೆ. ಆ ಮೆಷಿನ್ ಬಿಚ್ಚಿ ನೋಡಿದವನಾಗಿ ಹೇಳುತ್ತೇನೆ, ಹೆಚ್ಚಿನ ಸಲ ಮಗು ಸರಿಯಾಗಿಯೇ ಹಿಡಿದಿರುತ್ತದೆ.

ಕ್ಲಾದೊಳಗೆ ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್ ಇದೆ. ಅದರ ನಡುವೆ ಮೇಲೆ ಕೆಳಗೆ ಸರಿಯುವ ಕಬ್ಬಿಣದ ಸರಳು. ಕರೆಂಟ್ ಹರಿದಾಗ ಕಾಯಿಲ್ ಸರಳನ್ನು ಎಳೆಯುತ್ತದೆ, ಬೆರಳುಗಳು ಮುಚ್ಚುತ್ತವೆ. ಕರೆಂಟ್ ನಿಂತರೆ ಬಿಚ್ಚಿಕೊಳ್ಳುತ್ತವೆ. ಕರೆಂಟ್ ಜಾಸ್ತಿ ಕೊಟ್ಟರೆ ಗಟ್ಟಿ ಹಿಡಿತ, ಕಡಿಮೆ ಕೊಟ್ಟರೆ ಸಡಿಲ ಹಿಡಿತ. ಎಷ್ಟು ಕೊಡಬೇಕು ಅನ್ನುವುದು ಒಳಗಿನ ಬೋರ್ಡ್‌ನ ತೀರ್ಮಾನ. ನಿಮ್ಮ ಕೈಯಲ್ಲಿರುವ ಜಾಯ್‌ಸ್ಟಿಕ್ ಕ್ಲಾವನ್ನು ಅತ್ತಿತ್ತ ಓಡಿಸುತ್ತದೆ, ಅಷ್ಟೇ. ಹಿಡಿತದ ಮೇಲೆ ಅದಕ್ಕೆ ಅಧಿಕಾರವಿಲ್ಲ.

ಬೀಗ ತೆಗೆದು ಸೆಟ್ಟಿಂಗ್ ನೋಡಿದರೆ ಎಲ್ಲ ಅಂಕಿಗಳಲ್ಲಿ ಸಿಗುತ್ತದೆ. ಗಟ್ಟಿ ಹಿಡಿತಕ್ಕೆ ಎಷ್ಟು ವೋಲ್ಟ್, ಸಡಿಲ ಹಿಡಿತಕ್ಕೆ ಎಷ್ಟು, ಎಷ್ಟು ಆಟಕ್ಕೊಮ್ಮೆ ಗಟ್ಟಿ ಹಿಡಿತ. ಸುಮಾರು ಬೋರ್ಡ್‌ಗಳಲ್ಲಿ ಇನ್ನೂ ಒಂದು ಉಂಟು. ಗೊಂಬೆ ಎತ್ತುವಾಗ ಪೂರ್ತಿ ಬಲ, ಮೇಲಿನ ತುದಿಗೆ ಮುಟ್ಟಿದ ಕೂಡಲೇ ಕಡಿಮೆ ಬಲ. ಕ್ಲಾ ಮೇಲೆ ತಾಗಿ ಒಂದು ಸಲ ಜರ್ಕ್ ಹೊಡೆಯುತ್ತದಲ್ವಾ? ಆ ಹೊತ್ತಿಗೇ ಕರೆಂಟ್ ಇಳಿಯುತ್ತದೆ. ಗೊಂಬೆ ಬೀಳುತ್ತದೆ. ನೋಡುವವರಿಗೆ ‘ಛೇ, ಸ್ವಲ್ಪದರಲ್ಲಿ ಹೋಯ್ತು’ ಅನ್ನಿಸುತ್ತದೆ, ಇನ್ನೊಂದು ಆಟಕ್ಕೆ ದುಡ್ಡು ಹೊರಗೆ ಬರುತ್ತದೆ. ಆ ‘ಸ್ವಲ್ಪದರಲ್ಲಿ’ ಮೊದಲೇ ಕೂರಿಸಿಟ್ಟದ್ದು.

ಎಷ್ಟು ಆಟಕ್ಕೊಮ್ಮೆ ಅನ್ನುವುದು ಅಂಗಡಿ ಲೆಕ್ಕ. ಉದಾಹರಣೆಗೆ ಒಂದು ಆಟಕ್ಕೆ ₹30, ಗೊಂಬೆಯ ಸಗಟು ಬೆಲೆ ₹150 ಅಂತಿಟ್ಟುಕೊಳ್ಳಿ. ಬಂದ ಹಣದಲ್ಲಿ ನೂರಕ್ಕೆ 30ರಷ್ಟು ಮಾತ್ರ ಗೊಂಬೆಗೆ ಹೋಗಬೇಕು ಎಂದು ಮಾಲೀಕರು ಹೇಳಿದರೆ, ಒಂದು ಗೊಂಬೆ ಹೊರಗೆ ಬೀಳುವ ಮೊದಲು ₹500 ಬರಬೇಕು. ಅಂದರೆ ಸುಮಾರು 17 ಆಟ. ಬಾಡಿಗೆ, ಕರೆಂಟ್ ಬಿಲ್, ಸಂಬಳ ಎಲ್ಲ ಇದೆ, ಲಾಭ ಮಾಡುವುದನ್ನು ನಾನು ತಪ್ಪು ಎನ್ನುವುದಿಲ್ಲ. ಗೊಂಬೆ ಬೀಳುವ ತೂತಿನಲ್ಲಿ ಇನ್‌ಫ್ರಾರೆಡ್ ಸೆನ್ಸರ್ ಇರುತ್ತದೆ. ಗೊಂಬೆ ಕಿರಣ ದಾಟಿದಾಗ ಬೋರ್ಡ್ ಅದನ್ನು ಎಣಿಕೆಗೆ ಹಾಕಿಕೊಳ್ಳುತ್ತದೆ.

ಏಪ್ರಿಲ್, ಮೇ ರಜೆಯಲ್ಲಿ ಇನ್ನೊಂದು ಸಮಸ್ಯೆ. ಬೆಳಗ್ಗೆಯಿಂದ ಸಾಲಾಗಿ ಆಡಿ ಆಡಿ ಕಾಯಿಲ್ ಬಿಸಿಯಾಗುತ್ತದೆ. ತಾಮ್ರ 10 ಡಿಗ್ರಿ ಬಿಸಿಯೇರಿದರೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು 4% ಹೆಚ್ಚುತ್ತದೆ. ವೋಲ್ಟೇಜ್ ಅಷ್ಟೇ ಇದ್ದರೂ ಕರೆಂಟ್ ಇಳಿಯುತ್ತದೆ, ಹಿಡಿತ ಸೋಲುತ್ತದೆ. ಜೊತೆಗೆ ನಮ್ಮ ಕಡಲ ಗಾಳಿ. ಉಪ್ಪು, ತೇವ ಸೇರಿ ಸರಳಿಗೆ ತುಕ್ಕು ಹಿಡಿದರೆ ಅದು ಪೂರ್ತಿ ಮೇಲೇರುವುದೇ ಇಲ್ಲ. ಬೆರಳು ಅರ್ಧ ಮುಚ್ಚಿ ನಿಲ್ಲುತ್ತದೆ. ಆಗ ಗಟ್ಟಿ ಹಿಡಿತದ ಸರದಿಯಲ್ಲೂ ಗೊಂಬೆ ಬರುವುದಿಲ್ಲ. ಇದು ಸೆಟ್ಟಿಂಗ್ ಅಲ್ಲ, ರಿಪೇರಿ ಬಾಕಿ ಇಟ್ಟದ್ದು. ಸರಳನ್ನು ಹೊರಗೆಳೆದು ಒರೆಸಿ ಹಾಕಲು ಹೆಚ್ಚು ಹೊತ್ತೇನೂ ಬೇಡ. ಅದನ್ನೂ ಮಾಡಿಸದೆ ಮಕ್ಕಳಿಂದ ದುಡ್ಡು ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಆಡುವವರ ಜಾಣತನ ಏನೂ ಇಲ್ವಾ? ಇದೆ. ಗಟ್ಟಿ ಹಿಡಿತ ಬಂದರೂ ಕ್ಲಾ ಖಾಲಿ ಜಾಗಕ್ಕೆ ಇಳಿದರೆ ಏನು ಪ್ರಯೋಜನ? ಮೊದಲು ಸುಮ್ನೆ ನಿಂತು ಬೇರೆಯವರ ಆಟ ನೋಡಿ. ರಾಶಿಯ ಮೇಲೆ ಸಡಿಲವಾಗಿ ಬಿದ್ದ, ತೂತಿನ ಹತ್ತಿರದ ಗೊಂಬೆ ಹುಡುಕಿ. ಒತ್ತಿ ತುಂಬಿಸಿದ ಪೆಟ್ಟಿಗೆಯಾದರೆ ಆಡಲೇಬೇಡಿ, ಅಕ್ಕಪಕ್ಕದ ಗೊಂಬೆಗಳೇ ಅದನ್ನು ಬಿಡುವುದಿಲ್ಲ. ದೊಡ್ಡ ತಲೆಯ ಗೊಂಬೆಯಾದರೆ ತಲೆಯ ಕಡೆಗೇ ಕ್ಲಾ ಇಳಿಸಿ, ತೂಕ ಇರುವುದು ಅಲ್ಲಿ. ಒಂದು ಬೆರಳು ಕಂಕುಳಲ್ಲಿ ಸಿಕ್ಕಿಕೊಂಡರೆ ಸಡಿಲ ಹಿಡಿತದಲ್ಲೂ ಗೊಂಬೆ ಬರುವುದುಂಟು.

ಬೀಗದ ಕೈಯನ್ನು ತೂತಿಗೆ ತೂರಿಸಿ ಮೊಬೈಲ್ ಗೆಲ್ಲುವ ಮೆಷಿನ್ ಬಗ್ಗೆ ಇನ್ನೂ ಹುಷಾರು. ಅಂಥ ಕೆಲವದರಲ್ಲಿ ಇಟ್ಟ ಎಣಿಕೆ ಮುಗಿಯುವ ತನಕ, ನೀವು ಸರಿಯಾದ ಜಾಗದಲ್ಲಿ ಬಟನ್ ಒತ್ತಿದರೂ ಬೀಗದ ಕೈ ಒಂದು ಕೂದಲೆಳೆ ಮುಂದೆ ಹೋಗಿ ನಿಲ್ಲುತ್ತದೆ.

ಇದು ಜಾಣತನವೋ ಜೂಜೋ ಅನ್ನುವ ತಕರಾರು ಹೊಸತಲ್ಲ. ಅಮೆರಿಕದಲ್ಲಿ 1951ರ ಕಾನೂನು ಇಂಥ ಕ್ಲಾ ಮೆಷಿನ್‌ಗಳನ್ನು ಜೂಜಿನ ಸಾಮಾನಿನ ಲೆಕ್ಕಕ್ಕೆ ಸೇರಿಸಿತ್ತು. ನಮ್ಮಲ್ಲಿ 1960ರ ಕೇರಳ ಗೇಮಿಂಗ್ ಕಾಯ್ದೆ ಜಾಣತನದ ಆಟಗಳಿಗೆ ವಿನಾಯಿತಿ ಕೊಡುತ್ತದೆ. ಹಿಡಿತವನ್ನೇ ಬೋರ್ಡ್ ಎಣಿಸಿ ಕೊಡುವಾಗ ಅದರಲ್ಲಿ ಜಾಣತನದ ಪಾಲೆಷ್ಟು ಅನ್ನುವುದು ಕೇಳಬೇಕಾದ ಪ್ರಶ್ನೆ. ಜಪಾನಿನಲ್ಲಿ ಸೆಗಾ ಕಂಪನಿಯ ಯುಎಫ್ಒ ಕ್ಯಾಚರ್ ಎಂಬ ಇಂಥದೇ ಮೆಷಿನ್ 1985ರಲ್ಲಿ ಬಂತು. ಅಲ್ಲಿ ತುಂಬ ಸಲ ಸೋತವರು ಕೇಳಿಕೊಂಡರೆ ಸಿಬ್ಬಂದಿ ಗಾಜು ತೆರೆದು ಗೊಂಬೆಯನ್ನು ಸುಲಭದ ಜಾಗಕ್ಕೆ ಸರಿಸಿ ಕೊಡುವ ರೂಢಿಯೇ ಇದೆ. ಇಲ್ಲಿಯೂ ಕೇಳಿ ನೋಡಿ, ನಾಚಿಕೆ ಬೇಡ. ಬೀಗದ ಕೈ ಅವರ ಹತ್ತಿರವೇ ಇರುತ್ತದೆ.

ಸೆಟ್ಟಿಂಗ್ ಮಾಡಿಸಲು ಕರೆಯುವ ಮಾಲೀಕರಿಗೆ ನಾನು ಹೇಳುವುದು ಇಷ್ಟೇ. ‘ಸರಾಸರಿ 17 ಆಟಕ್ಕೊಮ್ಮೆ ಗೊಂಬೆ ಬರುವಂತೆ ಇಟ್ಟಿದೆ’ ಎಂದು ಗಾಜಿನ ಮೇಲೆ ಕನ್ನಡದಲ್ಲಿ, ಮಲಯಾಳದಲ್ಲಿ ಒಂದು ಸ್ಟಿಕ್ಕರ್ ಅಂಟಿಸಿ. ಮಗುವಿನ ಎತ್ತರಕ್ಕಲ್ಲ, ದುಡ್ಡು ಕೊಡುವವರ ಕಣ್ಣಿಗೆ ಬೀಳುವ ಎತ್ತರಕ್ಕೆ.