ಟಿಬಿ ಬ್ಯಾಕ್ಟೀರಿಯಾದ ಶಕ್ತಿಗೇ ಕತ್ತರಿ

ಟಿಬಿಯ ಹಳೆಯ ಔಷಧಿಗಳಲ್ಲಿ ಹಲವು, ಬ್ಯಾಕ್ಟೀರಿಯಾ ಚುರುಕಾಗಿ ಬೆಳೆಯುವಾಗಲೇ ಚೆನ್ನಾಗಿ ಕೆಲಸ ಮಾಡುತ್ತವೆ. 1952ರಲ್ಲಿ ಬಳಕೆಗೆ ಬಂದ ಐಸೋನಿಯಾಜಿಡ್ ಅದರ ಮೇಣದಂಥ ಹೊರಗೋಡೆಯನ್ನು ಕಟ್ಟಲು ಬಿಡುವುದಿಲ್ಲ. ಆದರೆ ಈ ಬ್ಯಾಕ್ಟೀರಿಯಾ ಬೆಳೆಯದೆ ಸುಮ್ನೆ ಬಿದ್ದಿರಲೂಬಲ್ಲದು. ಗೋಡೆ ಕಟ್ಟುವುದೇ ಇಲ್ಲ ಅಂದಮೇಲೆ ಅದನ್ನು ತಡೆದು ಏನು ಬಂತು? ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಲು ಇದೊಂದು ದೊಡ್ಡ ಕಾರಣ.

ಹಾಗೆ ಬಿದ್ದುಕೊಂಡಿದ್ದರೂ ಜೀವ ಹಿಡಿದಿಡಲು ಎಟಿಪಿ ಬೇಕೇ ಬೇಕು. ಅದು ಜೀವಕೋಶದ ಶಕ್ತಿಯ ಅಣು. ತಿಂದದ್ದರಿಂದ ಕಿತ್ತ ಎಲೆಕ್ಟ್ರಾನುಗಳು ಪೊರೆಯಲ್ಲಿರುವ ಪ್ರೋಟೀನುಗಳ ಕೈಯಿಂದ ಕೈಗೆ ದಾಟಿ, ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಈ ಓಟದಲ್ಲಿ ಪ್ರೋಟಾನುಗಳು ಪೊರೆಯ ಹೊರಗೆ ಜಮೆಯಾಗುತ್ತವೆ. ಅಣೆಕಟ್ಟಿನ ನೀರು ಟರ್ಬೈನ್ ತಿರುಗಿಸುತ್ತದಲ್ವಾ, ಹಾಗೇ ಅವು ಒಳಗೆ ನುಗ್ಗುವಾಗ ಎಟಿಪಿ ಸಿಂಥೇಸ್ ಎಂಬ ಯಂತ್ರವನ್ನು ತಿರುಗಿಸುತ್ತವೆ. ಟಿಬಿ ಬ್ಯಾಕ್ಟೀರಿಯಾದಲ್ಲಿ ಇದರ ತಿರುಗುವ ಬಳೆಗೆ 9 ಪುಟ್ಟ ಪ್ರೋಟೀನುಗಳು. ಒಂದೊಂದೂ ಒಂದೊಂದು ಪ್ರೋಟಾನನ್ನು ಹಿಡಿದು ಸಾಗಿಸುತ್ತದೆ. ಬಳೆ ಒಂದು ಸುತ್ತು ಬಂದರೆ 3 ಎಟಿಪಿ.

ಬೆಡಾಕ್ವಿಲಿನ್ ಎಂಬ ಟಿಬಿ ಔಷಧಿ ಹೋಗಿ ಕೂರುವುದು ಪ್ರೋಟಾನ್ ಹಿಡಿಯುವ ಆ ಜಾಗದಲ್ಲೇ. ಬಳೆ ನಿಲ್ಲುತ್ತದೆ. ಈ ಯಂತ್ರ ನಿಂತರೂ ಸಕ್ಕರೆಯನ್ನು ಹುಳಿಯಿಸಿಕೊಂಡೇ ದಿನ ತಳ್ಳುವ ಬ್ಯಾಕ್ಟೀರಿಯಾಗಳು ಎಷ್ಟೋ ಇವೆ. ಟಿಬಿ ಬ್ಯಾಕ್ಟೀರಿಯಾ ಹಾಗೆ ಬೆಳೆಯಲಾರದು. 2005ರಲ್ಲಿ ಈ ಔಷಧಿಯ ವಿವರ ಪ್ರಕಟವಾಯಿತು, 2012ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸುಮಾರು 40 ವರ್ಷಗಳ ನಂತರ ಟಿಬಿಗೆ ಸಿಕ್ಕ ಹೊಸ ಬಗೆಯ ಔಷಧಿ ಇದು.

ನನಗೆ ಜಾಸ್ತಿ ಕುತೂಹಲ ಹುಟ್ಟಿಸುವುದು ಮುಂದಿನ ಭಾಗ. ಎಟಿಪಿ ಕುಸಿದರೂ ಬ್ಯಾಕ್ಟೀರಿಯಾ ತಕ್ಷಣ ಸಾಯುವುದಿಲ್ಲ. ಪ್ರಯೋಗಾಲಯದಲ್ಲಿ ಮೊದಲ ಕೆಲವು ದಿನ ಅವುಗಳ ಸಂಖ್ಯೆ ಅಷ್ಟಾಗಿ ಇಳಿಯುವುದೇ ಇಲ್ಲ. ಅಷ್ಟರಲ್ಲಿ ಅವು ಖರ್ಚು ಕಡಿಮೆ ಮಾಡಿ, ತಮ್ಮ ರಾಸಾಯನಿಕ ವ್ಯವಹಾರವನ್ನೇ ಬದಲಿಸಿಕೊಳ್ಳುತ್ತವೆ. ಇನ್ನೂ ವಿಚಿತ್ರ ಏನೆಂದರೆ, ಶಕ್ತಿ ಕಡಿತವೇ ಒಮ್ಮೊಮ್ಮೆ ಅವುಗಳನ್ನು ಕಾಪಾಡುತ್ತದೆ. ಐಸೋನಿಯಾಜಿಡ್ ತಗುಲಿದ ಬ್ಯಾಕ್ಟೀರಿಯಾದ ಉಸಿರಾಟ ಸಾಯುವ ಮೊದಲು ಜೋರಾಗುತ್ತದೆ. ಬೆಡಾಕ್ವಿಲಿನ್ ಜೊತೆಗೆ ಹಾಕಿದರೆ ಆ ಅಬ್ಬರ ಇಳಿಯುತ್ತದೆ, ಐಸೋನಿಯಾಜಿಡ್‌ನ ಏಟೂ ಮೆತ್ತಗಾಗುತ್ತದೆ. ಇದು ಪ್ರಯೋಗಾಲಯದಲ್ಲಿ ಕಂಡದ್ದು, ನಿಜ. ಆದರೂ ಎರಡು ಒಳ್ಳೆ ಔಷಧಿ ಸೇರಿದರೆ ಏಟು ಎರಡು ಪಟ್ಟು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಜೋಡಿ ಕುದುರಿದರೆ ಕಥೆಯೇ ಬೇರೆ. ಟೆಲಾಸೆಬೆಕ್ ಎಂಬ ಔಷಧಿ ಎಲೆಕ್ಟ್ರಾನುಗಳ ಮುಖ್ಯ ದಾರಿಯನ್ನು ಮುಚ್ಚುತ್ತದೆ. ಬ್ಯಾಕ್ಟೀರಿಯಾ ಸೈಟೋಕ್ರೋಮ್ ಬಿಡಿ (bd) ಎಂಬ ಅಡ್ಡದಾರಿ ಹಿಡಿದು ಬದುಕುತ್ತದೆ. ಪ್ರಯೋಗಗಳಲ್ಲಿ ಆ ದಾರಿಯನ್ನೂ ಕಡಿದಾಗ ಅದು ಸಾಯುತ್ತದೆ. ಕುಷ್ಠರೋಗಕ್ಕೆ ಬಳಸುವ ಕ್ಲೋಫಾಜಿಮಿನ್ ನಡುವೆ ಕೈಹಾಕಿ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ದಾಟಿಸಿ, ಅಪಾಯಕಾರಿ ಕಣಗಳನ್ನು ಹುಟ್ಟಿಸುತ್ತದೆ. ಪ್ರೆಟೊಮನಿಡ್ ಎಂಬ ಇನ್ನೊಂದು ಔಷಧಿ ಆಮ್ಲಜನಕವಿಲ್ಲದೆ ಮಲಗಿರುವ ಬ್ಯಾಕ್ಟೀರಿಯಾದೊಳಗೆ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ಉಸಿರಾಟ ಕೆಡಿಸುತ್ತದೆ. ಬೆಡಾಕ್ವಿಲಿನ್, ಪ್ರೆಟೊಮನಿಡ್, ಲೈನೆಜೊಲಿಡ್ ಈ ಮೂರು ಔಷಧಿಗಳನ್ನೂ ಕೂಡಿಸಿ ದಕ್ಷಿಣ ಆಫ್ರಿಕಾದಲ್ಲಿ ಕೊಟ್ಟು ನೋಡಿದಾಗ, ಮದ್ದಿಗೆ ಬಗ್ಗದ ಟಿಬಿ ಇದ್ದವರಲ್ಲಿ ಸುಮಾರು 90 ಪರ್ಸೆಂಟ್ ಜನರಿಗೆ ಒಳ್ಳೆಯ ಫಲ ಸಿಕ್ಕಿತು.

ಬ್ಯಾಕ್ಟೀರಿಯಾ ಸುಮ್ಮನಿರುತ್ತದೆಯೇ? ಔಷಧಿ ಕೂರುವ ಬಳೆಯ ಜಾಗವನ್ನೇ ಅದು ಕೆಲವೊಮ್ಮೆ ಬದಲಿಸಿಕೊಳ್ಳುತ್ತದೆ. ರೋಗಿಗಳಲ್ಲಿ ಜಾಸ್ತಿ ಕಾಣುವುದು ಬೇರೆ ಉಪಾಯ: ಒಂದು ಪಂಪಿನ ಮೇಲಿದ್ದ ಕಡಿವಾಣ ಹರಿದು, ಒಳಬಂದ ಔಷಧಿಯನ್ನು ಆಚೆ ದಬ್ಬುವುದು. ಅದೇ ಪಂಪು ಕ್ಲೋಫಾಜಿಮಿನ್ ಅನ್ನೂ ದಬ್ಬುವುದರಿಂದ, ಒಂದೇ ಬದಲಾವಣೆಗೆ ಎರಡು ಔಷಧಿಗಳ ಏಟು ಕುಗ್ಗುತ್ತದೆ.