ಹೂ ಅರಳಿತು, ಘಮ ಬರಲಿಲ್ಲ

ಮೂಡಿಗೆರೆ ಕಡೆಯ ನಮ್ಮ ದೊಡ್ಡಪ್ಪ ಒಂದು ವರ್ಷ ಮೆಣಸು ಕೊಯ್ಯುವಾಗ ಏಣಿಯಿಂದ ಜಾರಿ ಬಿದ್ದರು. ತಲೆಯ ಹಿಂಭಾಗಕ್ಕೆ ಪೆಟ್ಟು. ಎರಡು ದಿನ ಮಲಗಿ ಎದ್ದರು. ಆಮೇಲೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ ಬಂತು. ತೋಟದ ತುಂಬಾ ಕಾಫಿ ಹೂ ಬೆಳ್ಳಗೆ ಅರಳಿತು. ಆ ಘಮ ಮನೆಯೊಳಗೂ ಬರುತ್ತದೆ ಅಲ್ವಾ? "ಈ ಸಲ ಹೂವಿಗೆ ವಾಸನೆಯೇ ಇಲ್ವಲ್ಲೇ" ಎಂದರು ದೊಡ್ಡಪ್ಪ. ದೊಡ್ಡಮ್ಮ ಗಾಬರಿಯಾಗಿ ಅವರ ಮುಖ ನೋಡಿದರು.

ಪೆಟ್ಟು ಬಿದ್ದದ್ದು ಹಿಂದೆ. ಮೂಗಿಗೇನಾಯಿತು?

ಮಿದುಳಿಗೆ ಸೇರಿದ, ತಲೆಬುರುಡೆಯ ತೂತುಗಳಲ್ಲಿ ಹಾದುಹೋಗುವ ನರಗಳು 12 ಜೊತೆ. ಮೊದಲನೆಯದು ವಾಸನೆಯ ನರ. ಅದರ ನವಿರಾದ ಎಳೆಗಳು ಮೂಗಿನ ಮೇಲಿರುವ ಜರಡಿಯಂಥ ಮೂಳೆಯೊಳಗಿಂದ ಮಿದುಳಿಗೆ ಏರುತ್ತವೆ. ತಲೆ ನೆಲಕ್ಕೆ ಬಡಿದಾಗ ಒಳಗಿನ ಮಿದುಳು ಕುಲುಕಿ ಸರಿಯುತ್ತದೆ, ಜರಡಿ ಅಲ್ಲೇ ಇರುತ್ತದೆ. ನಡುವಿನ ಎಳೆಗಳು ಹರಿದುಹೋಗಬಹುದು.

ಕಾಫಿಯೂ ಅವರಿಗೆ ಬರೀ ಸಿಹಿ, ಕಹಿ, ಬಿಸಿ. ನಾಲಿಗೆಗೆ ತಿಳಿಯುವುದು ಕೆಲವೇ ರುಚಿ. ಹುರಿದ ಬೀಜದ ಸೊಗಸು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ಮೆಣಸಿನ ಖಾರ ಮಾತ್ರ ಮೊದಲಿನಂತೆಯೇ ಚುರುಕ್ ಎನ್ನುತ್ತಿತ್ತು. ಅದು ಐದನೆಯ ನರದ ಕೆಲಸ.

ಆ 12ರಲ್ಲಿ ಆರನೆಯದು ಸೋತರೆ ಕಣ್ಣು ಹೊರಕ್ಕೆ ಹೊರಳದು, ಒಂದು ವಸ್ತು ಎರಡಾಗಿ ಕಾಣುತ್ತದೆ. ಹತ್ತನೆಯದಾದರೆ ದನಿ ಒಡೆಯುತ್ತದೆ, ನುಂಗುವುದೂ ಕಷ್ಟ.

ಜನ ಜಾಸ್ತಿ ಹೆದರುವುದು ಏಳನೆಯದಕ್ಕೆ, ಅಂದರೆ ಮುಖದ ನರಕ್ಕೆ. ಬೆಳಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಒಂದು ಕಡೆಯಿಂದ ಸೋರುತ್ತದೆ. ಒಂದು ಕಣ್ಣು ಮುಚ್ಚುವುದಿಲ್ಲ. "ಗಾಳಿ ಹೊಡೆದಿದೆ" ಎಂದು ಸುಮ್ನೆ ಕೂರುವವರಿದ್ದಾರೆ, ನನಗೆ ಸಂಕಟವಾಗುವುದು ಅಲ್ಲೇ. ಈ ನರ ಕಿವಿಯ ಹತ್ತಿರ ಇಕ್ಕಟ್ಟಾದ ಮೂಳೆಯ ಓಣಿಯಲ್ಲಿ ಸಾಗುತ್ತದೆ. ಊದಿಕೊಂಡರೆ ಜಾಗವಿಲ್ಲದೆ ನಲುಗುತ್ತದೆ. ಊತ ಇಳಿಸುವ ಮಾತ್ರೆ 3 ದಿನದೊಳಗೆ ಶುರುವಾಗಬೇಕು. ಹೆಚ್ಚಿನವರು ಗುಣವಾಗುತ್ತಾರೆ.

ಇದರಲ್ಲಿ ಆ ಕಡೆಯ ಹುಬ್ಬೂ ಏರುವುದಿಲ್ಲ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಬರುವ ಲಕ್ವದಲ್ಲಿ ಸಾಮಾನ್ಯವಾಗಿ ಏರುತ್ತದೆ, ಹಣೆಗೆ ಮಿದುಳಿನ ಎರಡೂ ಬದಿಯಿಂದ ಅಪ್ಪಣೆ ಬರುವುದರಿಂದ. ಆದರೆ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಲಕ್ವವಾಗಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಸಮಯ. ಚಿಕ್ಕಮಗಳೂರಿಗೋ ಹಾಸನಕ್ಕೋ ತಕ್ಷಣ ಹೊರಡಿ. ಮಲೆನಾಡಿನ ದಾರಿಗೇ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ.

ದೊಡ್ಡಪ್ಪನಿಗೆ ಮುಂದಿನ ಹೂವಿನ ಹೊತ್ತಿಗೂ ವಾಸನೆ ಪೂರ್ತಿ ಮರಳಲಿಲ್ಲ. ಗ್ಯಾಸ್ ಸೋರಿದರೂ ಅವರಿಗೆ ತಿಳಿಯದು. ಮಲಗುವ ಮುಂಚೆ ದೊಡ್ಡಮ್ಮನೇ ರೆಗ್ಯುಲೇಟರ್ ಮುಟ್ಟಿ ನೋಡುತ್ತಾರೆ.