ಇರಲಿ ಬಿಡು, ಬೇಕಾಗುತ್ತೆ

ಕಳೆದ ದಸರಾಕ್ಕೆ ಹದಿನೈದು ದಿನ ಮುಂಚೆ ಅಮ್ಮನ ಮನೆಯ ಅಟ್ಟ ಖಾಲಿ ಮಾಡಲು ಹೊರಟೆವು. ಬೆಳಿಗ್ಗೆ ಎಂಟಕ್ಕೇ ಏಣಿ ಹಾಕಿ ಎಲ್ಲವನ್ನೂ ಹಾಲ್‌ಗೆ ಇಳಿಸಿದೆವು. ನೀಲಿ ಟ್ರಂಕ್, ಕರಿ ಟ್ರಂಕ್, ಕೈ ಮುರಿದ ಕುರ್ಚಿ, ಗೋಣಿಚೀಲದ ತುಂಬ ಹಿತ್ತಾಳೆ ಪಾತ್ರೆ, ಕೆಟ್ಟುಹೋದ ಮಿಕ್ಸಿ, ಅದಕ್ಕೂ ಮೊದಲು ಕೆಟ್ಟಿದ್ದ ಇನ್ನೊಂದು ಮಿಕ್ಸಿ. ಹನ್ನೊಂದರ ಹೊತ್ತಿಗೆ ಕಾಲಿಡಲು ಜಾಗ ಇರಲಿಲ್ಲ. ಮಧ್ಯಾಹ್ನ ನಾನು ಯಾರದೋ ಮದುವೆಯ ಹಳೇ ಕರೆಯೋಲೆ ಓದುತ್ತ ಕೂತಿದ್ದೆ. ಅಕ್ಕ ಒಂದು ಚೊಂಬು ಹಿಡಿದುಕೊಂಡು ಅಮ್ಮನ ಜೊತೆ ವಾದಕ್ಕೆ ನಿಂತಿದ್ದಳು. ಅಮ್ಮನದು ಒಂದೇ ಮಾತು: "ಇರಲಿ ಬಿಡು, ಬೇಕಾಗುತ್ತೆ." ಸಂಜೆ ದೀಪ ಹಚ್ಚುವಷ್ಟರಲ್ಲಿ ಮುಕ್ಕಾಲು ಪಾಲು ಸಾಮಾನು ಮತ್ತೆ ಅಟ್ಟ ಸೇರಿತ್ತು. ಮೂವರಿಗೂ ತಲೆನೋವು, ಮೂವರಿಗೂ ಬೇಜಾರು.

ಇಂಥ ಸೋಲಿಗೆ ಸೋಮಾರಿತನ ಎಂದು ಹೆಸರಿಡುವುದು ಸುಲಭ. ಆಮೇಲೆ ಈ ವಿಷಯ ಓದಿಕೊಂಡಾಗ ನನಗೆ ತಿಳಿದದ್ದೇ ಬೇರೆ. ನಾವು ಸೋತದ್ದು ಸಂಜೆಯಲ್ಲ, ಬೆಳಿಗ್ಗೆ ಎಂಟಕ್ಕೆ. ಎಲ್ಲವನ್ನೂ ಒಟ್ಟಿಗೆ ಇಳಿಸಿದ ಹೊತ್ತಿಗೇ.

ಕೈಯಲ್ಲಿರುವ ಕೆಲಸಕ್ಕೆ ಬೇಕಾದ ಸಂಗತಿಗಳನ್ನು ಮಿದುಳು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಕಾರ್ಯಸ್ಮೃತಿ ಎನ್ನುತ್ತಾರೆ. ನನಗೆ ಅದು ತರಕಾರಿ ಹೆಚ್ಚುವ ಮಣೆಯ ಹಾಗೆ ಕಾಣುತ್ತದೆ. ಆ ಮಣೆ ಬಹಳ ಚಿಕ್ಕದು. ಅದರಲ್ಲಿ ಸುಮಾರು ಏಳು ಸಂಗತಿ ಹಿಡಿಯುತ್ತವೆ ಎಂದು 1956ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಹೇಳಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅಷ್ಟರವರೆಗಿನ ಪ್ರಯೋಗಗಳನ್ನು ಮತ್ತೆ ತೂಗಿ ನೋಡಿ, ಸುಮಾರು ನಾಲ್ಕೇ ಎಂದರು. ಈಗ ಆ ಚೊಂಬನ್ನೇ ತೆಗೆದುಕೊಳ್ಳಿ. ಇದು ಯಾರು ಕೊಟ್ಟದ್ದು? ಬಳಸುತ್ತೇವಾ? ಕೊಟ್ಟುಬಿಟ್ಟರೆ ಯಾರಾದರೂ ನೊಂದುಕೊಳ್ಳುತ್ತಾರಾ? ಕೊಡುವುದಾದರೆ ಯಾರಿಗೆ? ಒಂದೇ ಚೊಂಬಿಗೆ ಮಣೆ ತುಂಬಿತು. ಸುತ್ತ ಇನ್ನೂ ಮುನ್ನೂರು ಸಾಮಾನು ಕಾದಿವೆ.

ಅಷ್ಟರಲ್ಲಿ ಕಣ್ಣೂ ಸುಮ್ನೆ ಇರುವುದಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಟೆಫನಿ ಮ್ಯಾಕ್‌ಮೇನ್ಸ್ ಮತ್ತು ಸಬೀನ್ ಕಾಸ್ಟ್‌ನರ್ 2011ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ಇದನ್ನು ತೋರಿಸಿದರು. ಕಣ್ಣೆದುರು ಹಲವು ವಸ್ತುಗಳಿದ್ದಾಗ, ನೋಟಕ್ಕೆ ಮೀಸಲಾದ ಮಿದುಳಿನ ಭಾಗದಲ್ಲಿ ಅವು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಬೇಕಾದ ಒಂದರ ಮೇಲೆ ಗಮನ ನಿಲ್ಲಿಸಲು ಮಿದುಳು ಉಳಿದವುಗಳ ಜೊತೆ ಗುದ್ದಾಡಬೇಕು. ತುಂಬಿದ ಹಾಲ್‌ನಲ್ಲಿ ಕೂತವರಿಗೆ ಏನೂ ಮಾಡದೆಯೇ ಸುಸ್ತಾಗುವುದು ಇದಕ್ಕೇ ಇರಬೇಕು.

ಈ ಸುಸ್ತು ಮನೆಯಲ್ಲಿ ಎಲ್ಲರಿಗೂ ಒಂದೇ ಥರ ಆಗುವುದಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2000ದ ದಶಕದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ 32 ಕುಟುಂಬಗಳನ್ನು ಅವರವರ ಮನೆಯಲ್ಲೇ ಅಧ್ಯಯನ ಮಾಡಿದರು. ಮನೆಯವರು ಕ್ಯಾಮರಾ ಹಿಡಿದು, ಮಾತಾಡುತ್ತ ತಮ್ಮ ಮನೆಯನ್ನು ತೋರಿಸಬೇಕಿತ್ತು. ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೀನಾ ರೆಪೆಟ್ಟಿ ಆ ಮಾತುಗಳನ್ನೂ, ಅವರ ಜೊಲ್ಲಿನಲ್ಲಿದ್ದ ಕಾರ್ಟಿಸಾಲ್ ಪ್ರಮಾಣವನ್ನೂ ಜೋಡಿಸಿ ನೋಡಿ 2010ರಲ್ಲಿ ಪ್ರಕಟಿಸಿದರು. ಕಾರ್ಟಿಸಾಲ್ ಒತ್ತಡಕ್ಕೆ ಸಂಬಂಧಿಸಿದ ಹಾರ್ಮೋನ್. ಬೆಳಿಗ್ಗೆ ಜಾಸ್ತಿ ಇದ್ದು, ಸಂಜೆಗೆ ಚೆನ್ನಾಗಿ ಇಳಿಯಬೇಕು. ಮನೆ ಅಸ್ತವ್ಯಸ್ತ, ಕೆಲಸ ಬಾಕಿ ಇದೆ ಎಂದು ಜಾಸ್ತಿ ಹೇಳಿಕೊಂಡ ಹೆಂಗಸರಲ್ಲಿ ಅದು ಸರಿಯಾಗಿ ಇಳಿಯುತ್ತಿರಲಿಲ್ಲ. ಗಂಡಸರಲ್ಲಿ ಈ ನಂಟು ಅಷ್ಟಾಗಿ ಕಾಣಲಿಲ್ಲ. ಸಾಮಾನೇ ಒತ್ತಡಕ್ಕೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ನಮ್ಮ ಮನೆಗಳನ್ನು ನೆನೆದರೆ ನನಗೆ ಇದು ಅರ್ಥವಾಗುತ್ತದೆ. ಕುರ್ಚಿ ಮೇಲಿನ ಬಟ್ಟೆ ರಾಶಿ ಒಬ್ಬರಿಗೆ ಬರೀ ಬಟ್ಟೆ. ಅದನ್ನು ಮಡಚಬೇಕಾದವರಿಗೆ ಅದು ಬಾಕಿ ಕೆಲಸ. ಹಾಗಾಗಿ ಮನೆ ಖಾಲಿ ಮಾಡುವುದನ್ನು ಹೆಂಗಸರ ಕೆಲಸವೆಂದು ಬಿಡುವುದು ನನಗೆ ತಪ್ಪಾಗಿ ಕಾಣುತ್ತದೆ.

ಇನ್ನು ಚೊಂಬಿನ ವಿಷಯ. ಅದರ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು ಕೆತ್ತಿದೆ. ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸುತ್ತಾರಲ್ಲ, ಹಾಗೆ. ಅಂಥದ್ದನ್ನು ಕೊಡಲು ಕೈ ಬರುವುದಿಲ್ಲ. ಆದರೆ ಹೆಸರಿಲ್ಲದ, ನೆನಪೂ ಇಲ್ಲದ ವಸ್ತುವನ್ನು ಕೊಡಲೂ ಕೈ ಬರುವುದಿಲ್ಲ, ಅಲ್ವಾ? ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಇದನ್ನು ಕಾಫಿ ಮಗ್‌ಗಳಿಂದ ಪರೀಕ್ಷಿಸಿದರು. ಒಂದಷ್ಟು ವಿದ್ಯಾರ್ಥಿಗಳಿಗೆ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಮಾರುವವರು ಹೇಳಿದ ಬೆಲೆ ಕೊಳ್ಳುವವರದರ ಸುಮಾರು ಎರಡರಷ್ಟಿತ್ತು. ಆ ಮಗ್ ಅವರದಾಗಿ ಇನ್ನೂ ಸ್ವಲ್ಪ ಹೊತ್ತಾಗಿತ್ತು, ಅಷ್ಟೆ. ನಮ್ಮ ಮಿಕ್ಸಿ ನಮ್ಮದಾಗಿ ಇಪ್ಪತ್ತು ವರ್ಷ.

ಕೈಯಲ್ಲಿ ಹಿಡಿದರೆ ಇದು ಇನ್ನೂ ಜೋರಾಗುತ್ತದೆ. ವಸ್ತುವನ್ನು ಸುಮ್ಮನೆ ಮುಟ್ಟಿದರೂ ಅದು ನಮ್ಮದೆಂಬ ಭಾವ ಹೆಚ್ಚುತ್ತದೆ ಎಂದು ಜೋಆನ್ ಪೆಕ್ ಮತ್ತು ಸುಝೇನ್ ಶು 2009ರಲ್ಲಿ ತೋರಿಸಿದ್ದಾರೆ. ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಒಂದು ಬದಲಾವಣೆ ಮಾಡಿದೆವು. ಸಾಮಾನನ್ನು ಅಕ್ಕ ಎತ್ತಿ ತೋರಿಸುತ್ತಾಳೆ, ಅಮ್ಮ ಮುಟ್ಟದೆ ನೋಡಿ ಹೇಳುತ್ತಾರೆ. ಪ್ರಶ್ನೆಯನ್ನೂ ತಿರುಗಿಸಿದೆವು. "ಕೊಡೋಣವಾ?" ಅನ್ನುವ ಬದಲು "ಇದು ನಮ್ಮ ಹತ್ತಿರ ಇಲ್ಲದಿದ್ದರೆ ಇವತ್ತು ದುಡ್ಡು ಕೊಟ್ಟು ತರುತ್ತಿದ್ದೆವಾ?" ಎಂದು ಕೇಳಿದೆವು. ಎರಡು ಮಿಕ್ಸಿಗಳೂ ಒಂದೇ ನಿಮಿಷದಲ್ಲಿ ಇ-ತ್ಯಾಜ್ಯದ ಚೀಲ ಸೇರಿದವು.

ನೆನಪಿನ ವಸ್ತುಗಳಿಗೆ ಈ ಪ್ರಶ್ನೆ ಕೆಲಸ ಮಾಡುವುದಿಲ್ಲ. ಅಲ್ಲಿ ಫೋಟೊ ನೆರವಾಗುತ್ತದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ಹಳೇ ಸಾಮಾನು ದಾನಕ್ಕೆ ಕೇಳಿದರು. ಕೆಲವು ಕಡೆ ಬರೀ ಕೊಡಿ ಎಂದರು. ಉಳಿದ ಕಡೆ ನೆನಪಿನ ವಸ್ತುವಿನ ಫೋಟೊ ತೆಗೆದಿಟ್ಟುಕೊಂಡು ಕೊಡಿ ಎಂದರು. 2017ರಲ್ಲಿ ಪ್ರಕಟವಾದ ಲೆಕ್ಕದಂತೆ ಮೊದಲನೆಯ ಕಡೆ 533, ಎರಡನೆಯ ಕಡೆ 613 ವಸ್ತು ಬಂದವು. ಅಂತರ ದೊಡ್ಡದಲ್ಲ. ಆದರೂ ನಾವು ಬಿಡಲು ಹಿಂಜರಿಯುವುದು ವಸ್ತುವನ್ನಲ್ಲ, ಅದರ ನೆನಪನ್ನು ಎಂಬುದನ್ನು ಅದು ಹೇಳುತ್ತದೆ.

ಕೆಲವರಿಗೆ ಇದು ನಿಜವಾದ ಕಾಯಿಲೆ. 2012ರಲ್ಲಿ ಡೇವಿಡ್ ಟೋಲಿನ್ ಮತ್ತು ಅವರ ತಂಡದವರು, ಯಾವುದನ್ನೂ ಬಿಸಾಡಲಾಗದ ಸಂಗ್ರಹ ರೋಗ ಇರುವವರನ್ನು ಸ್ಕ್ಯಾನ್ ಯಂತ್ರದಲ್ಲಿಟ್ಟು ಅವರದೇ ಹಳೇ ಕಾಗದಗಳ ಬಗ್ಗೆ ಕೇಳಿದರು: ಇಡುವುದಾ, ಹರಿಯುವುದಾ? ನಿರ್ಧಾರ ಮತ್ತು ಭಾವನೆಗೆ ಸಂಬಂಧಿಸಿದ ಮಿದುಳಿನ ಎರಡು ಭಾಗಗಳು ವಿಪರೀತ ಚುರುಕಾದವು. ಬೇರೆಯವರ ಕಾಗದ ತೋರಿಸಿದಾಗ ಅದೇ ಭಾಗಗಳು ತಣ್ಣಗಿದ್ದವು. ಅಂಥವರ ಬೆನ್ನ ಹಿಂದೆ ಸಾಮಾನು ಎಸೆಯುವುದು ಕ್ರೂರ. ವೈದ್ಯರ ಸಹಾಯ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಸಂಕಲ್ಪಶಕ್ತಿ ಬ್ಯಾಟರಿಯಂತೆ ಮುಗಿದುಹೋಗುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ 2,000ಕ್ಕೂ ಜಾಸ್ತಿ ಜನರಲ್ಲಿ ಪರೀಕ್ಷಿಸಿದಾಗ ಅದು ಹೆಚ್ಚುಕಮ್ಮಿ ಕಾಣಲೇ ಇಲ್ಲ. ಹಾಗಾಗಿ ನಾನು ಅದನ್ನು ನೆಚ್ಚಿಕೊಳ್ಳುವುದಿಲ್ಲ. ನೆಚ್ಚಬಹುದಾದದ್ದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅವರ ಮಾತು: ಏನು ಮಾಡಬೇಕು ಎಂಬುದರ ಜೊತೆ ಯಾವಾಗ, ಎಲ್ಲಿ ಎಂದೂ ಮೊದಲೇ ಗೊತ್ತುಮಾಡಿ. 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದು ಚೆನ್ನಾಗಿ ನಿಂತಿತು.

ನಾವು ಎರಡನೇ ಸಲ ಮಾಡಿದ್ದು ಇಷ್ಟೇ. ಶನಿವಾರ ಬೆಳಿಗ್ಗೆ ಕಾಫಿ ಆದ ಮೇಲೆ ಅರ್ಧ ಗಂಟೆ, ಒಂದೇ ಪೆಟ್ಟಿಗೆ. ಅದು ಮುಗಿಯುವವರೆಗೆ ಇನ್ನೊಂದನ್ನು ಅಟ್ಟದಿಂದ ಇಳಿಸುವಂತಿಲ್ಲ. ಸಾಮಾನು ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲೇ ತೀರ್ಮಾನಿಸಿದ್ದೆವು. ಹಳೇ ಸೀರೆಗಳು ಕೌದಿ ಹೊಲಿಯುವವರಿಗೆ. ಪೇಪರ್, ಕಬ್ಬಿಣ ಗುಜರಿಗೆ. ನೀಲಿ ಟ್ರಂಕ್‌ನಲ್ಲಿ ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಸಿಕ್ಕ ರವಿಕೆ ಕಣಗಳು ನಲವತ್ತೊಂದು ಇದ್ದವು. ಪಕ್ಕದ ಬೀದಿಯಲ್ಲಿ ಹೊಲಿಗೆ ಕಲಿಯುತ್ತಿರುವ ಹುಡುಗಿಯರು ಅವನ್ನು ಖುಷಿಯಿಂದ ಒಯ್ದರು. ಹೋಗುವ ಜಾಗ ಗೊತ್ತಿದ್ದರೆ ಅಮ್ಮ ಬೇಗ ಒಪ್ಪುತ್ತಾರೆ. ಅವರಿಗೆ ಕಷ್ಟವಾಗುತ್ತಿದ್ದದ್ದು ಒಳ್ಳೆಯ ವಸ್ತು ಕಸವಾಗುವುದು. ಇದನ್ನು ಅರಿಯದೆ ನಾವು ಇಷ್ಟು ವರ್ಷ ವಾದ ಮಾಡಿದ್ದೆವು.

ಹನ್ನೆರಡು ಶನಿವಾರ ಹಿಡಿಯಿತು. ಚೊಂಬು ಕೆಳಗೇ ಉಳಿಯಿತು. ಹುಣಸೆಹಣ್ಣು ಹಾಕಿ ಉಜ್ಜಿ, ಅಮ್ಮ ಅದರಲ್ಲಿ ತುಳಸಿಗೆ ನೀರು ಹಾಕುತ್ತಾರೆ. ಅಟ್ಟದಲ್ಲಿ ಈಗ ಕರಿ ಟ್ರಂಕ್ ಒಂದೇ ಇದೆ. ಅದರಲ್ಲಿ ಅಪ್ಪನ ಅಂಗಿಗಳಿವೆ. ಅದನ್ನು ಯಾವ ಶನಿವಾರ ಇಳಿಸಬೇಕೆಂದು ಅಮ್ಮ ಇನ್ನೂ ಹೇಳಿಲ್ಲ. ನಾವೂ ಕೇಳಿಲ್ಲ.